ದೀಪ ಹಚ್ಚುವ ಅಜ್ಜ, ಅಡಿಕೆ ಸುಲಿಯುವ ಅಜ್ಜ

ಆಗಸ್ಟ್ ಹದಿನೈದಕ್ಕೆ ಸಾಲಾಗಿ ನಿಂತು 'ವಿ ಶಲ್ ಓವರ್‌ಕಮ್' ಹಾಡಿನ ಕನ್ನಡ ರೂಪ ಹಾಡದೇ ಇದ್ದವರು ನನ್ನ ವಯಸ್ಸಿನವರಲ್ಲಿ ಕಡಿಮೆ. ನಾನೂ ಹಾಡಿದ್ದೆ, ಕಾನಸೂರಿನ ಶಾಲೆಯಲ್ಲಿ, ಜಿಟಿಜಿಟಿ ಮಳೆಯಲ್ಲಿ, ಮನಸ್ಸೆಲ್ಲ ಆಮೇಲೆ ಕೊಡೋ ಪೆಪ್ಪರ್‌ಮಿಂಟ್ ಮೇಲೆ ಇಟ್ಟುಕೊಂಡು. ಅದು ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹುಟ್ಟಿದ ಹಾಡಿನ ಎಳೆ ಅಂತಾಗಲಿ, 1945ರಲ್ಲಿ ಚಾರ್ಲ್ಸ್‌ಟನ್ ಅನ್ನೋ ಊರಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಹೆಂಗಸರು ಅದನ್ನು ಹೋರಾಟದ ಹಾಡು ಮಾಡಿಕೊಂಡರು ಅಂತಾಗಲಿ ಆಗ ಯಾರಿಗೆ ಗೊತ್ತಿತ್ತು? ನಾನಂತೂ ಅದು ನಮ್ಮ ಪಠ್ಯಪುಸ್ತಕದ್ದೇ ಹಾಡು ಅಂದುಕೊಂಡಿದ್ದೆ.

ಕಾನಸೂರು ನೀವು ನೋಡಿರಬಹುದು, ಆದರೆ ಇಳಿದಿರಲಿಕ್ಕಿಲ್ಲ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗೋ ರಸ್ತೆಯಲ್ಲಿ ಬಸ್ಸು ಒಂದೆರಡು ನಿಮಿಷ ನಿಂತು ಮುಂದೆ ಹೋಗುತ್ತದೆ. ಹೆಸರಲ್ಲೇ ಕಾನು ಇದೆ. ರಸ್ತೆಯಿಂದ ಒಳಗೆ ಹೋದರೆ ಒಂದೊಂದು ಕಣಿವೆಯಲ್ಲಿ ಒಂದೊಂದು ಅಡಿಕೆ ತೋಟ, ತೋಟದ ತಲೆಗೆ ನಾಲ್ಕಾರು ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಜೋಗಕ್ಕೆ ಹೋಗೋರು ಇಲ್ಲಿ ಚಾ ಕುಡಿದು ಹೋಗ್ತಾರೆ. ನೋಡೋ ಜಾಗ ಏನಿದೆ ಅಂತ ಆಫೀಸಿನ ಗೆಳೆಯರು ಕೇಳಿದರೆ 'ಏನೂ ಇಲ್ಲ, ನಮ್ಮನೆ ಇದೆ' ಅಂತೀನಿ.

ನೋಡೋದಕ್ಕಲ್ಲ, ಕೇಳೋದಕ್ಕೆ ಒಂದಿತ್ತು. ಅದು ಅಡಿಕೆ ಸುಲಿಯೋ ರಾತ್ರಿ.

ದೀಪಾವಳಿ ಕಳೆದು ಕೊನೆ ಕೊಯ್ಲು ಶುರುವಾದರೆ ಒಂದೆರಡು ತಿಂಗಳು ನಮ್ಮನೆ ಅಂಗಳದಲ್ಲಿ ನಿದ್ದೆ ಇಲ್ಲ. ಹಗಲು ಕೊನೆಗೌಡ ಇಳಿಸಿದ ಅಡಿಕೆಯನ್ನು ರಾತ್ರಿ ಸುಲಿಯಬೇಕು. ಚಪ್ಪರದ ಕೆಳಗೆ ಸಾಲಾಗಿ ಮೆಟ್ಟುಗತ್ತಿ, ಒಂದೊಂದರ ಮೇಲೆ ಒಬ್ಬೊಬ್ಬರು. ಪಕ್ಕದಲ್ಲಿ ಹಂಡೆಯಲ್ಲಿ ಅಡಿಕೆ ಬೇಯೋ ವಾಸನೆ, ಚೊಗರಿನಿಂದ ಕಪ್ಪಾದ ಕೈಗಳು. ಸುಲಿಯುವಾಗ ಕೈ ತಾನಾಗಿ ಓಡುತ್ತದೆ, ಕಣ್ಣು ಎಳೆಯುತ್ತದೆ. ಹಾಗಾಗಿ ಮಾತು ಬೇಕು, ಕಥೆ ಬೇಕು, ಹಾಡು ಬೇಕು. ಜಗಲಿಯ ತುದಿಯಲ್ಲಿ ಕುಳಿತು ಅಮ್ಮಮ್ಮ ಹಾಡುತ್ತಿದ್ದರು. ಅಂಗಳದ ಆ ತುದಿಯಿಂದ ಆಳುಗಳು ಹಾಡುತ್ತಿದ್ದರು.

ಆ ಆಳುಗಳಲ್ಲಿ ಒಬ್ಬರು ಸಿದ್ದಿ. ಯಲ್ಲಾಪುರದ ಕಡೆಯಿಂದ ಸುಗ್ಗಿಗೆ ಬರುತ್ತಿದ್ದರು. ಗುಂಗುರು ಕೂದಲು, ದೊಡ್ಡ ದನಿ. ಅವರ ಹಾಡು ಒಂದು ಥರದ ಕೊಂಕಣಿಯಲ್ಲಿರುತ್ತಿತ್ತು, ನಮಗೆ ಅರ್ಥವಾಗುತ್ತಿರಲಿಲ್ಲ. ನಾವು ಮಕ್ಕಳು ಆ ಶಬ್ದಗಳನ್ನು ಅಣಕಿಸಿ ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಈಗ 'ಅವರು' ಅಂತ ಬರೆಯುತ್ತಿದ್ದೇನೆ, ಆದರೆ ಆಗ ನಮ್ಮನೆಯಲ್ಲಿ ಅಜ್ಜನಿಂದ ಹಿಡಿದು ಏಳು ವರ್ಷದ ನನ್ನವರೆಗೆ ಎಲ್ಲರಿಗೂ ಅವರು 'ಅಂವ'. ಅವರಿಗೆ ನಾನು 'ಸಣ್ಣ ಹೆಗಡೇರು'.

ಇದೆಲ್ಲ ಮರೆತೇ ಹೋಗಿತ್ತು. ನೆನಪಾಗಿದ್ದು ಬೆಂಗಳೂರಿನಲ್ಲಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಯಾಬ್ ಅಲುಗಾಡದೆ ನಿಂತಿದ್ದಾಗ. ಹೆಡ್‌ಫೋನಿನಲ್ಲಿ ಆ್ಯಪ್ ತಾನಾಗಿಯೇ ಒಂದು ಹಾಡು ಹಾಕಿತು. ಮರಿಯನ್ ಆಂಡರ್ಸನ್ ಅನ್ನೋ ಗಾಯಕಿಯ ದನಿ, ಹಾಡು 'ಡೀಪ್ ರಿವರ್'. ಇಂಗ್ಲಿಷ್ ಪದ ಅರ್ಧ ಅರ್ಥವಾಯ್ತು. ಆದರೆ ಆ ಎಳೆತ, ಸಾಲಿನ ಕೊನೆಯಲ್ಲಿ ಉಸಿರು ಬಿಡೋ ರೀತಿ? ಅದನ್ನು ನಾನು ಎಲ್ಲೋ ಕೇಳಿದ್ದೆ. ಮನೆ ಮುಟ್ಟೋ ಹೊತ್ತಿಗೆ ಹೊಳೆಯಿತು: ನಮ್ಮನೆ ಅಂಗಳದಲ್ಲಿ. ಇದು ಸಂಗೀತಶಾಸ್ತ್ರದ ಮಾತಲ್ಲ. ಎರಡು ಹಾಡಿಗೂ ಸಂಬಂಧ ಇದೆ ಅಂತ ನಾನು ಹೇಳ್ತಾ ಇಲ್ಲ. ಒಂದು ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿ ಹೋದವರದ್ದು, ಇನ್ನೊಂದು ಅರಬ್ಬೀ ಸಮುದ್ರ ದಾಟಿ ಬಂದವರದ್ದು. ನನ್ನ ಕಿವಿಗೆ ಹಾಗನ್ನಿಸಿತು, ಅಷ್ಟೇ.

ಹಾಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರಿತ್ತು: ಎಚ್. ಟಿ. ಬರ್ಲಿ. ಯಾರಪ್ಪಾ ಇವರು ಅಂತ ಹುಡುಕುತ್ತಾ ಹೋದವನಿಗೆ ಆ ವಾರವೆಲ್ಲ ಅದೇ ಕೆಲಸ.

ಹ್ಯಾರಿ ಬರ್ಲಿ ಹುಟ್ಟಿದ್ದು 1866ರ ಡಿಸೆಂಬರಿನಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಈರಿ ಅನ್ನೋ ಊರಿನಲ್ಲಿ. ಗುಲಾಮಗಿರಿ ಕಾನೂನಿನಲ್ಲಿ ಮುಗಿದು ಒಂದೇ ವರ್ಷವಾಗಿತ್ತು. ಅವರ ತಾಯಿಯ ತಂದೆ ಹ್ಯಾಮಿಲ್ಟನ್ ವಾಟರ್ಸ್ ಮೇರಿಲ್ಯಾಂಡಿನಲ್ಲಿ ಗುಲಾಮರಾಗಿದ್ದವರು. 1832ರಲ್ಲಿ ದುಡ್ಡು ಕೊಟ್ಟು ತಮ್ಮನ್ನು ತಾವೇ ಕೊಂಡುಕೊಂಡು ಹೊರಬಂದವರು. ಕಣ್ಣು ಹೋಗುತ್ತಾ ಬಂದಿತ್ತು. ಈರಿಯಲ್ಲಿ ಅವರ ಕೆಲಸ ಸಂಜೆ ಬೀದಿದೀಪ ಹಚ್ಚೋದು. ಕಣ್ಣು ಕಾಣದವರು ಊರಿಗೆಲ್ಲ ದೀಪ ಹಚ್ಚಬೇಕಲ್ಲ, ಜೊತೆಗೆ ಮೊಮ್ಮಕ್ಕಳು ಹೋಗುತ್ತಿದ್ದರು. ಕಂಬದಿಂದ ಕಂಬಕ್ಕೆ ನಡೆಯುವಾಗ ಅಜ್ಜ ಹಳೆಯ ತೋಟದ ಹಾಡುಗಳನ್ನು ಹಾಡುತ್ತಿದ್ದರು, ಹ್ಯಾರಿ ಕಲಿಯುತ್ತಿದ್ದ.

ಆ ಹಾಡುಗಳಿಗೇ 'ಸ್ಪಿರಿಚುವಲ್' ಅಂತ ಹೆಸರು. ಬರೆದವರು ಯಾರು ಅಂತಿಲ್ಲ. ಹತ್ತಿ, ತಂಬಾಕಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರು ಬೈಬಲ್ಲಿನ ಕಥೆಗಳನ್ನು ತಮ್ಮ ಕಥೆ ಮಾಡಿಕೊಂಡು, ಒಬ್ಬರು ಎತ್ತಿದ್ದಕ್ಕೆ ಗುಂಪು ಉತ್ತರ ಕೊಡುತ್ತಾ ಕಟ್ಟಿದ್ದು. ಹೊಳೆ ದಾಟೋದು ಅಂದರೆ ಸ್ವರ್ಗಕ್ಕೆ ಹೋಗೋದೂ ಹೌದು, ಗುಲಾಮಗಿರಿ ಇಲ್ಲದ ಉತ್ತರದ ಸೀಮೆಗೆ ಓಡಿಹೋಗೋದೂ ಹೌದು. ಯಜಮಾನನಿಗೆ ಒಂದು ಅರ್ಥ ಕೇಳಿಸಿದರೆ ಸಾಕು.

ಬರ್ಲಿಗೆ ಸಂಗೀತದ ಹುಚ್ಚು, ಕೈಯಲ್ಲಿ ಕಾಸಿಲ್ಲ. ತಾಯಿ ಓದಿದವರು, ಫ್ರೆಂಚ್ ಬಲ್ಲವರು; ಸಿಕ್ಕ ಕೆಲಸ ಮಾತ್ರ ಮನೆಗೆಲಸ. ಅವರು ಕೆಲಸಕ್ಕಿದ್ದ ಶ್ರೀಮಂತರ ಮನೆಯಲ್ಲಿ ದೊಡ್ಡ ದೊಡ್ಡ ಪಿಯಾನೋ ವಾದಕರು ಬಂದು ನುಡಿಸುತ್ತಿದ್ದರು. ಹುಡುಗ ಹಿಮದಲ್ಲಿ ಕಿಟಕಿಯ ಹೊರಗೆ ನಿಂತು ಕೇಳಿ ಕಾಯಿಲೆ ಬಿದ್ದನಂತೆ. ಆಮೇಲೆ ಅದೇ ಮನೆಯಲ್ಲಿ ಬಾಗಿಲು ತೆರೆಯೋ ಕೆಲಸ ಕೊಟ್ಟರು, ಒಳಗೇ ನಿಂತು ಕೇಳಲಿ ಅಂತ. ಇದನ್ನು ಓದಿದಾಗ ನನಗೆ ನಮ್ಮನೆ ಜಗಲಿ, ಅಂಗಳ ನೆನಪಾಯ್ತು. ಯಾರು ಎಲ್ಲಿ ಕೂರಬೇಕು ಅನ್ನೋದಕ್ಕೆ ನಮ್ಮಲ್ಲೂ ಒಂದು ಮೆಟ್ಟಿಲಿನ ಲೆಕ್ಕ ಇತ್ತು.

1892ರಲ್ಲಿ ಬರ್ಲಿ ನ್ಯೂಯಾರ್ಕಿನ ನ್ಯಾಷನಲ್ ಕನ್ಸರ್ವೇಟರಿಗೆ ವಿದ್ಯಾರ್ಥಿವೇತನ ಪಡೆದು ಸೇರಿದರು. ಅದೇ ವರ್ಷ ಅಲ್ಲಿಗೆ ನಿರ್ದೇಶಕರಾಗಿ ಬಂದವರು ಯುರೋಪಿನ ಹೆಸರಾಂತ ಸಂಯೋಜಕ ದ್ವೊರಾಕ್. ಈ ಹುಡುಗ ಹಾಡಿಕೊಳ್ಳೋದು ಅವರ ಕಿವಿಗೆ ಬಿತ್ತು, ಮನೆಗೆ ಕರೆಸಿ ಹಾಡಿಸಿದರು. ಕುರುಡು ಅಜ್ಜ ದೀಪ ಹಚ್ಚುತ್ತಾ ಹಾಡಿದ್ದನ್ನು ಮೊಮ್ಮಗ ದ್ವೊರಾಕ್ ಮುಂದೆ ಹಾಡಿದ. ಅಮೆರಿಕಕ್ಕೆ ಅದರದ್ದೇ ಸಂಗೀತ ಬೇಕಿದ್ದರೆ ಅದು ಈ ಕಪ್ಪು ಜನರ ಹಾಡಿನಿಂದಲೇ ಬರಬೇಕು ಅಂತ ದ್ವೊರಾಕ್ 1893ರಲ್ಲಿ ಪತ್ರಿಕೆಗಳಿಗೆ ಹೇಳಿದಾಗ ದೊಡ್ಡ ಗಲಾಟೆಯೇ ಆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರ 'ನ್ಯೂ ವರ್ಲ್ಡ್' ಸಿಂಫನಿ ಕಾರ್ನೆಗಿ ಹಾಲಿನಲ್ಲಿ ಮೊದಲ ಸಲ ಕೇಳಿಸಿತು.

ಇಲ್ಲೊಂದು ತಮಾಷೆ. ಆ ಸಿಂಫನಿಯ ನಿಧಾನದ ಭಾಗಕ್ಕೆ 1922ರಲ್ಲಿ ದ್ವೊರಾಕ್ ಅವರ ಇನ್ನೊಬ್ಬ ಶಿಷ್ಯ ಪದ ಕೂಡಿಸಿ 'ಗೋಯಿನ್ ಹೋಮ್' ಅಂತ ಹಾಡು ಮಾಡಿದರು. ಈಗ ತುಂಬಾ ಜನ ಅದನ್ನೇ ಹಳೆಯ ಸ್ಪಿರಿಚುವಲ್ ಅಂದುಕೊಂಡಿದ್ದಾರೆ.

1894ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಚರ್ಚಿಗೆ ಗಾಯಕರು ಬೇಕಿದ್ದರು. ಬಿಳಿಯರ, ಸಿರಿವಂತರ ಚರ್ಚು. ಬರ್ಲಿಯನ್ನು ಆರಿಸಿದ್ದಕ್ಕೆ ಗೊಣಗಾಟವಾಯ್ತು. ಬ್ಯಾಂಕರ್ ಜೆ. ಪಿ. ಮಾರ್ಗನ್ ಅವರ ಪರ ನಿಂತರು. ಬರ್ಲಿ ಅಲ್ಲಿ 50 ವರ್ಷಕ್ಕೂ ಹೆಚ್ಚು ಹಾಡಿದರು. 1913ರಲ್ಲಿ ಮಾರ್ಗನ್ ತೀರಿಕೊಂಡಾಗ ಅಂತ್ಯಕ್ರಿಯೆಗೂ ಹಾಡಿದರು. ಜೊತೆಗೆ ರಿಕಾರ್ಡಿ ಅನ್ನೋ ಸಂಗೀತ ಪ್ರಕಾಶನದಲ್ಲಿ ಸಂಪಾದಕನ ಕೆಲಸ. ಅಲ್ಲೇ 1916ರ ಆಸುಪಾಸಿನಿಂದ ಅಜ್ಜನ ಹಾಡುಗಳನ್ನು, ಅಂಥವೇ ಬೇರೆ ಹಾಡುಗಳನ್ನು, ಒಬ್ಬ ಗಾಯಕ ಮತ್ತು ಒಂದು ಪಿಯಾನೋಗೆ ಹೊಂದಿಸಿ ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಈ ಹಾಡುಗಳು ಗುಂಪಿನವು. ಫಿಸ್ಕ್ ಜುಬಿಲಿ ಸಿಂಗರ್ಸ್ ಅನ್ನೋ ಕಾಲೇಜು ಮಕ್ಕಳ ತಂಡ 1871ರಿಂದಲೇ ಇವನ್ನು ಊರೂರಿಗೆ ಒಯ್ದಿತ್ತು. ಆದರೆ ಕಛೇರಿಯ ವೇದಿಕೆಯಲ್ಲಿ ಒಬ್ಬ ಗಾಯಕಿ ನಿಂತು ಯುರೋಪಿನ ಹಾಡುಗಳ ಪಕ್ಕದಲ್ಲೇ ಇದನ್ನೂ ಹಾಡಬಹುದು ಅನ್ನೋ ಹಾಗೆ ಮಾಡಿದವರಲ್ಲಿ ಬರ್ಲಿ ಮೊದಲಿಗರು. ನನ್ನ ಹೆಡ್‌ಫೋನಿಗೆ ಬಂದದ್ದು ಆ ದಾರಿಯಿಂದ.

ಇದನ್ನು ಎಲ್ಲರೂ ಮೆಚ್ಚಲಿಲ್ಲ. ಲೇಖಕಿ ಜೋರಾ ನೀಲ್ ಹರ್ಸ್ಟನ್ 1934ರಲ್ಲಿ ಬರೆದ ಲೇಖನದಲ್ಲಿ, ವೇದಿಕೆಯ ಮೇಲೆ ಹಾಡೋ ಈ ನಯವಾದ ಹಾಡುಗಳು ನಿಜವಾದವೇ ಅಲ್ಲ, ನಿಜವಾದವು ಚರ್ಚಿನ ಗುಂಪಿನಲ್ಲಿ ಪ್ರತಿ ಸಲ ಹೊಸದಾಗಿ ಹುಟ್ಟುತ್ತವೆ ಅನ್ನೋ ಅರ್ಥದ ಮಾತು ಹೇಳಿದರು. ಅವರು ಹೇಳಿದ್ದು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಬರ್ಲಿಯ ಕಷ್ಟವೂ ಅರ್ಥವಾಗುತ್ತದೆ. ಆಗ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಇದೇ ಜನರನ್ನು ಅಣಕಿಸಿ ಹಾಡಿ ಕುಣಿದು ದುಡ್ಡು ಮಾಡುತ್ತಿದ್ದರು. ಬರ್ಲಿ ತಮ್ಮ ಹಾಡುಗಳ ಮುನ್ನುಡಿಯಲ್ಲಿ ಬೇಡಿಕೊಂಡದ್ದೂ ಅದನ್ನೇ: ಮೈ ಕುಣಿಸಿ, ಕೈ ತಟ್ಟಿ, ತಮಾಷೆ ಮಾಡಿ ಇವನ್ನು ಹಾಡಬೇಡಿ.

ಇದನ್ನು ಓದಿ ನನಗೆ ಸ್ವಲ್ಪ ನಾಚಿಕೆಯಾಯ್ತು. ನಮ್ಮ ಕಡೆಯ ಒಂದು ಉತ್ಸವದಲ್ಲಿ, ಯಾವುದು ಅಂತ ಬೇಡ, ಸಿದ್ದಿ ಹುಡುಗರನ್ನು ಸೊಂಟಕ್ಕೆ ಸೊಪ್ಪು ಕಟ್ಟಿಸಿ, ಮುಖಕ್ಕೆ ಬಿಳಿ ಬಣ್ಣ ಬಳಿಸಿ ಕುಣಿಸಿದ್ದನ್ನು ನೋಡಿದ್ದೆ. ನಿರೂಪಕರು 'ಆಫ್ರಿಕಾದ ಕಾಡಿನಿಂದ ನೇರವಾಗಿ ನಿಮ್ಮ ಮುಂದೆ' ಅಂದಿದ್ದರು. ನಾನು ವಿಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಿದ್ದೆ.

ಕಾನಸೂರಿಗೆ ಹೋದಾಗ ಆಯಿಯನ್ನು ಕೇಳಿದೆ, ಅಡಿಕೆ ಸುಲಿಯಲಿಕ್ಕೆ ಬರುತ್ತಿದ್ದ ಆ ಸಿದ್ದಿ ಎಲ್ಲಿದ್ದಾರೆ ಅಂತ. 'ಅಂವ ಇನ್ನೂ ಇದ್ನ?' ಅಂತ ಅವಳೇ ನನ್ನನ್ನು ಕೇಳಿದಳು. ಸುಲಿಯೋ ಯಂತ್ರ ಬಂದು ನಮ್ಮಲ್ಲಿ ಎಷ್ಟೋ ವರ್ಷವಾಯ್ತು. ಯಂತ್ರದ ಸದ್ದಿನಲ್ಲಿ ಹಾಡೋದಂತೂ ಆಗದ ಮಾತು. ಊರಲ್ಲಿ ಅವರಿವರನ್ನು ಕೇಳಿ, ಯಲ್ಲಾಪುರದಲ್ಲಿ ಕೆಲಸದಲ್ಲಿರೋ ಗೆಳೆಯನಿಗೆ ಫೋನು ಮಾಡಿ, ಅಂತೂ ಮಂಚಿಕೇರಿಯ ಆಚೆ ಒಂದು ಕೇರಿಯಲ್ಲಿ ಇದ್ದಾರೆ ಅಂತ ಗೊತ್ತಾಯ್ತು.

ಬೆಳಿಗ್ಗೆ ಬೈಕ್ ತೆಗೆದುಕೊಂಡು ಹೊರಟೆ. ಶಿರಸಿಯಲ್ಲಿ ಮಾರಿಕಾಂಬೆಗೆ ಹೊರಗಿನಿಂದಲೇ ಕೈ ಮುಗಿದು ಯಲ್ಲಾಪುರದ ರಸ್ತೆ ಹಿಡಿದೆ. ಈ ದಾರಿಯಲ್ಲಿ ಎಲ್ಲರೂ ನಿಲ್ಲೋದು ಸಹಸ್ರಲಿಂಗಕ್ಕೆ, ಶಾಲ್ಮಲೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗ ನೋಡೋಕೆ. ನಾನು ನಿಲ್ಲಲಿಲ್ಲ. ಅಲ್ಲಿಂದ ಮುಂದೆ ತೋಟ ಕಡಿಮೆಯಾಗಿ ಕಾಡು ಜಾಸ್ತಿಯಾಗುತ್ತದೆ.

ಈ ಕಾಡೇ ಸಿದ್ದಿಗಳನ್ನು ಉಳಿಸಿದ್ದು. 16ನೇ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡು ಸೇರಿದರು. ಈಗ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ, ಜೋಯಿಡಾ ಕಡೆ ಇದ್ದಾರೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆಫ್ರಿಕಾದ ಭಾಷೆ ಹೋಗಿದೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲಿಕ್ಕೆ 2003ರವರೆಗೆ ಕಾಯಬೇಕಾಯ್ತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು, ಈ ಸಮುದಾಯದಿಂದ ಮೊದಲಿಗರು. ಭಾಷೆ ಹೋದರೂ ಎರಡೂ ಬದಿ ಚರ್ಮ ಬಿಗಿದ ಡಮಾಮಿ ಉಳಿದಿದೆ, ಹೆಂಗಸರ ಪುಗಡಿ ಕುಣಿತ ಉಳಿದಿದೆ.

ಮಂಚಿಕೇರಿ ಸಣ್ಣ ಊರು, ಆದರೆ ನಾಟಕದ ಊರು. 1980ರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆ ಇಲ್ಲಿನ ಸಿದ್ದಿಗಳನ್ನೇ ಕಲಾವಿದರನ್ನಾಗಿ ಮಾಡಿ 'ಕಪ್ಪು ಜನ ಕೆಂಪು ನೆರಳು' ಆಡಿಸಿದರು. ನೈಜೀರಿಯಾದ ಚಿನುವಾ ಅಚಿಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯ ಕನ್ನಡ ನಾಟಕರೂಪ ಅದು. ಬಿಳಿಯರು ಬಂದ ಮೇಲೆ ಒಂದು ಆಫ್ರಿಕನ್ ಹಳ್ಳಿ ಮುರಿದುಬಿದ್ದ ಕಥೆಯನ್ನು ನಮ್ಮ ಸಿದ್ದಿಗಳು ಕನ್ನಡದಲ್ಲಿ ಆಡಿದ್ದನ್ನು ನೋಡಲು ನಾನು ಆಗ ಹುಟ್ಟಿರಲಿಲ್ಲ. ಆಮೇಲೆ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಅಂಥವರು ನೀನಾಸಂನಲ್ಲಿ ಕಲಿತು ರಂಗಭೂಮಿಗೆ, ಸಂಗೀತಕ್ಕೆ, ಸಿನಿಮಾಕ್ಕೆ ಬಂದರು. 'ಪರಮಾತ್ಮ' ಸಿನಿಮಾದಲ್ಲಿ ಪ್ರಶಾಂತ್ ಅವರನ್ನು ನೋಡಿ ನಮ್ಮ ಹಾಸ್ಟೆಲಿನಲ್ಲಿ ಒಬ್ಬ 'ಇವ್ರು ಯಾವ ದೇಶದವ್ರೋ, ಕನ್ನಡ ಚೆನ್ನಾಗಿ ಮಾತಾಡ್ತಾರೆ' ಅಂದಿದ್ದ. ನಮ್ಮ ಜಿಲ್ಲೆಯವರು ಕಣೋ ಅಂದಿದ್ದೆ. ಅಷ್ಟು ಹೇಳಿ ನನಗೇ ಏನೋ ಹೆಮ್ಮೆ!

ಅಜ್ಜ ಮನೆಯ ಮುಂದೆ ಬಿಸಿಲಿಗೆ ಕುಳಿತಿದ್ದರು. ಎಪ್ಪತ್ತೈದು ದಾಟಿರಬೇಕು. ಕಾನಸೂರು ಅಂದ ಕೂಡಲೇ ಗುರುತು ಹತ್ತಿತು. 'ಸಣ್ಣ ಹೆಗಡೇರಾ? ಬನ್ನಿ, ಬನ್ನಿ' ಅಂತ ಏಳಲು ಹೋದರು. ಬೇಡ, ಕೂತ್ಕೊಳ್ಳಿ ಅಜ್ಜ ಅಂದೆ. 'ಅಜ್ಜ' ಅಂದದ್ದಕ್ಕೋ 'ಕೂತ್ಕೊಳ್ಳಿ' ಅಂದದ್ದಕ್ಕೋ, ಒಂದು ಗಳಿಗೆ ನನ್ನ ಮುಖ ನೋಡಿದರು. ಇದರಲ್ಲಿ ತಮ್ಮ ಹೆಸರು ಬರೆಯೋದು ಬೇಡ ಅಂದಿದ್ದಾರೆ, ಬರೆದಿಲ್ಲ.

ಅವರ ಮಗಳು ಚಾ ಕೊಟ್ಟರು. ಬಾಗಿಲಲ್ಲಿ ಕೌದಿ ಒಣಗಲು ಹಾಕಿದ್ದರು, ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿದದ್ದು. ಹಾಡಿನ ವಿಷಯ ಎತ್ತಿದೆ. 'ಈಗ ಯಾರು ಹಾಡ್ತಾರೆ ಒಡೆಯಾ' ಅಂದರು. ನಾನು ಫೋನು ತೆಗೆದು 'ಡೀಪ್ ರಿವರ್' ಹಾಕಿದೆ. ಬರ್ಲಿಯ ಕಥೆ ಹೇಳಿದೆ, ಕುರುಡು ಅಜ್ಜ, ಬೀದಿದೀಪ, ಮೊಮ್ಮಗ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: 'ಅಂವ ದುಡ್ಡು ಕೊಟ್ಟು ತನ್ನೇ ತಾನು ಬಿಡಿಸ್ಕಂಡ ಅಂದ್ರಲ್ಲ, ಎಷ್ಟು ಕೊಟ್ಟ?' ಐವತ್ತೈದು ಡಾಲರ್ ಅಂತ ಓದಿದ ನೆನಪು ಅಂದೆ. ಅವರು ತಲೆಯಾಡಿಸಿದರು. ತಮ್ಮ ಅಪ್ಪ ಒಬ್ಬ ಯಜಮಾನರ ಹತ್ತಿರ ಮದುವೆಗೆ ಸಾಲ ಮಾಡಿ ಅದನ್ನು ತೀರಿಸಲಿಕ್ಕೆ ಎಷ್ಟು ಮಳೆಗಾಲ ದುಡಿದರು ಅನ್ನೋದನ್ನು ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದರು. ಎರಡೂ ಕೈ ಮುಗಿದು ಮತ್ತೆ ಶುರು ಮಾಡಬೇಕಾಯ್ತು.

ಅಷ್ಟರಲ್ಲಿ ಅವರ ಮೊಮ್ಮಗ ಬಂದ. ಡಿಗ್ರಿ ಓದುತ್ತಿರೋ ಹುಡುಗ, ಡಮಾಮಿ ಬಾರಿಸುತ್ತಾನೆ. ನಾನು ಬಂದ ಕಾರಣ ಕೇಳಿ ನಕ್ಕ. 'ಅಣ್ಣ, ಅದನ್ನ ನಾನು ಆಗ್ಲೇ ಶುರು ಮಾಡಿದೀನಿ' ಅಂತ ತನ್ನ ಫೋನು ತೆಗೆದ. ಗಾಜು ಒಡೆದ ಫೋನು, ಮೆಮೊರಿ ತುಂಬಿ ಹೋಗಿದೆ ಅನ್ನೋ ಸೂಚನೆ ಮೇಲೇ ಇತ್ತು. ಒಳಗೆ ಅಜ್ಜನ ಹದಿನೆಂಟು ಹಾಡು. ಬತ್ತ ಕುಟ್ಟೋ ಹಾಡು, ಮದುವೆ ಹಾಡು, ಸತ್ತವರ ಹೆಸರು ಕರೆಯೋ ಹಾಡು. ಹಿಂದೆ ಕೋಳಿ ಕೂಗೋದು, ಮಿಕ್ಸಿ ಸದ್ದು ಎಲ್ಲಾ ಇತ್ತು. ಒಂದೊಂದಕ್ಕೂ ಹೆಸರು, ತಾರೀಕು ಹಾಕಿದ್ದ.

ಬ್ಯಾಕಪ್ ಇದೆಯಾ ಅಂದೆ. ಇಲ್ಲ ಅಂದ. ನನಗೆ ಅಲ್ಲಿ ಬರೋ ಕೆಲಸ ಅಂದ್ರೆ ಅದೊಂದೇ. ಒಂದು ಗಂಟೆ ಕೂತು, ನೆಟ್‌ವರ್ಕ್ ಸಿಗೋ ಕಲ್ಲಿನ ಮೇಲೆ ಹತ್ತಿ, ಅವನದೇ ಖಾತೆಗೆ ಎಲ್ಲವನ್ನೂ ಏರಿಸಿದೆವು. ನನ್ನ ಬ್ಯಾಗಿನಲ್ಲಿದ್ದ ಪೆನ್‌ಡ್ರೈವಿಗೂ ಹಾಕಿ ಅವನ ಕೈಗೆ ಕೊಟ್ಟೆ. ಆಮೇಲೆ, ನನಗೂ ಒಂದು ಕಾಪಿ ಕಳಿಸ್ತೀಯಾ ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. 'ಬೇಜಾರು ಮಾಡ್ಕೋಬೇಡಿ ಅಣ್ಣ. ಕಳ್ಸಲ್ಲ. ಮೊದ್ಲು ನಮ್ ಹುಡುಗ್ರು ಕಲೀಲಿ.'

ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ. ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದಿದ್ದೆ, ಒಂದು ಗಂಟೆ ಕೆಲಸ ಮಾಡಿಕೊಟ್ಟಿದ್ದೆ. ಬೈಕಿನ ಹತ್ತಿರ ಬಂದು ಹೆಲ್ಮೆಟ್ ಹಾಕಿಕೊಳ್ಳೋವರೆಗೂ ಆ ಬೇಜಾರು ಹೋಗಲಿಲ್ಲ. ನಾವು ಅಣಕಿಸಿ ನಕ್ಕ ಹಾಡುಗಳೂ ಆ ಹದಿನೆಂಟರಲ್ಲಿ ಇದ್ದವು.

ಹುಡುಗ ಹಿಂದಿನಿಂದ ಓಡಿ ಬಂದ. 'ಅಣ್ಣ, ಒಂದು ಕಳಿಸ್ತೀನಿ. ಅದು ನಮ್ದಲ್ಲ. ಹತ್ತೊಂಬತ್ತನೇದು, ಅಜ್ಜ ತಪ್ಪಿ ಹಾಡಿದ್ದು. ನಿಮ್ ನಂಬರ್ ಹೇಳಿ.'

ಮಂಚಿಕೇರಿ ಪೇಟೆಯಲ್ಲಿ ಬೈಕ್ ನಿಲ್ಲಿಸಿ ಕೇಳಿದೆ. ಅಜ್ಜನ ದನಿ, ಆದರೆ ಭಾಷೆ ನಮ್ಮದು, ಹವ್ಯಕರ ಹೆಂಗಸರು ಮದುವೆಯಲ್ಲಿ ಹೇಳೋ ಹಾಡು. ಶಬ್ದ ಅಲ್ಲಲ್ಲಿ ತಿರುಚಿತ್ತು. ಸಾಲಿನ ಕೊನೆಯಲ್ಲಿ ದನಿ ಎತ್ತಿ ಬಿಡೋ ರೀತಿ ಮಾತ್ರ ಜಗಲಿಯ ತುದಿಯಲ್ಲಿ ಕುಳಿತ ಅಮ್ಮಮ್ಮನದೇ. ಅವರು ತೀರಿಕೊಂಡು ಹನ್ನೊಂದು ವರ್ಷ. ಅವರ ದನಿಯ ಒಂದೇ ಒಂದು ರೆಕಾರ್ಡಿಂಗ್ ನಮ್ಮ ಮನೆಯಲ್ಲಿಲ್ಲ. ಫೋಟೊ ಮಾತ್ರ ಇದೆ, ಹಾರ ಹಾಕಿದ್ದು.

ಆಯಿಗೆ ಅಲ್ಲಿಂದಲೇ ವಾಟ್ಸ್ಯಾಪ್ ಮಾಡಿದೆ. ಯಾರು ಹಾಡಿದ್ದು ಅಂತ ಬರೆಯಲಿಲ್ಲ. ಹತ್ತು ನಿಮಿಷದ ಮೇಲೆ ಫೋನು ಬಂತು. ದನಿ ಕಟ್ಟಿತ್ತು.

'ಎರಡ್ನೇ ಸಾಲು ತಪ್ಪು ತಮಾ' ಅಂದಳು. 'ಅಮ್ಮಮ್ಮ ಹಾಂಗೆ ಹೇಳ್ತಿತ್ತಿಲ್ಲೆ.'

ಹೆಂಗೆ ಹೇಳ್ತಿತ್ತು, ಹೇಳು ಅಂದೆ. ರೆಕಾರ್ಡ್ ಬಟನ್ ಒತ್ತಿದೆ.